ಇನ್ಸುಲಿನ್ ಜೀವಕೋಶದ ಒಳಗೆ ಹೋಗೋದೇ ಇಲ್ವಂತೆ, ಮತ್ತೆ ಕೆಲಸ ಹೇಗೆ ಮಾಡುತ್ತದೆ?

ಕಬ್ಬಿನಗದ್ದೆ (ಮುಧೋಳ)

ಎಲ್ಲರಿಗೂ ನಮಸ್ಕಾರ. ನಾನು ವಿಜ್ಞಾನ ಓದಿದವನಲ್ಲ. ಬಿ.ಕಾಂ. ಮುಗಿಸಿ ಅಪ್ಪನ ಜೊತೆ ಕಬ್ಬು ನೋಡಿಕೊಂಡಿದ್ದೇನೆ. ತಪ್ಪು ಕೇಳಿದರೆ ನಗಬೇಡಿ.

ಅವ್ವನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಗುಳಿಗೆ ಮಾತ್ರ, ಸೂಜಿ ಇನ್ನೂ ಶುರು ಮಾಡಿಲ್ಲ. ಮೊನ್ನೆ ಡಾಕ್ಟರು ಹೊಸದೊಂದು ರಕ್ತ ಪರೀಕ್ಷೆ ಬರೆದುಕೊಟ್ಟರು. ರಿಪೋರ್ಟ್ ನೋಡಿ, "ನಿಮ್ಮ ತಾಯಿ ಮೈಯಲ್ಲಿ ಇನ್ಸುಲಿನ್ ಸಾಕಷ್ಟಿದೆ, ಬೇಕಾದ್ದಕ್ಕಿಂತ ಜಾಸ್ತಿನೇ ಇದೆ, ಆದರೆ ಅದರ ಮಾತು ನಡೀತಿಲ್ಲ" ಅಂದರು. ಹೊರಗೆ ಇಪ್ಪತ್ತು ಜನ ಕೂತಿದ್ದರು, ಮುಂದೆ ಕೇಳೋಕೆ ಮುಜುಗರ ಆಯ್ತು.

ನಾನು ಇಷ್ಟು ದಿನ ತಿಳಿದಿದ್ದು ಇಷ್ಟೇ: ಇನ್ಸುಲಿನ್ ಅಂದರೆ ಕೀಲಿ, ಅದು ಬಾಗಿಲು ತೆಗೆಯುತ್ತದೆ, ಸಕ್ಕರೆ ಒಳಗೆ ಹೋಗುತ್ತದೆ. ಕೀಲಿ ರಾಶಿ ಬಿದ್ದಿದ್ದರೂ ಬಾಗಿಲು ತೆಗೆಯುತ್ತಿಲ್ಲ ಅಂದರೆ ಬೀಗ ಜಂಗು ಹಿಡಿದಿದೆಯಾ? ಮೆಡಿಕಲ್ ಅಂಗಡಿ ಹುಡುಗನನ್ನು ಕೇಳಿದರೆ ಅವನು ಇನ್ನೊಂದು ಹೇಳ್ತಾನೆ. ಇನ್ಸುಲಿನ್ ಒಳಗೆ ಹೋಗೋದೇ ಇಲ್ಲ, ಹೊರಗೇ ನಿಂತು ಕೆಲಸ ಮಾಡಿಸುತ್ತದೆ ಅಂತ. ಹೊರಗೆ ನಿಂತವರು ಒಳಗಿನ ಕೆಲಸ ಹೇಗೆ ಮಾಡಿಸ್ತಾರೆ?

ಲ್ಯಾಬ್‌ಅಕ್ಕ (ಬೆಳಗಾವಿ)

ತಮ್ಮಾ, ಮೆಡಿಕಲ್ ಹುಡುಗ ಹೇಳಿದ್ದು ಸರಿ. ನಾನು ಇಲ್ಲಿ ನರ್ಸಿಂಗ್ ಮಕ್ಕಳಿಗೆ ಬಯೋಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಈ ಕೀಲಿ-ಬೀಗದ ಕತೆಯನ್ನು ಅವರ ತಲೆಯಿಂದ ತೆಗೆಯೋದೇ ಪ್ರತಿ ವರ್ಷ ನನಗೊಂದು ಕೆಲಸ.

ಮೊದಲು ಗೋಡೆ ನೋಡು. ಜೀವಕೋಶದ ಪೊರೆ ಕೊಬ್ಬಿನ ಎರಡು ಪದರ. ಇನ್ಸುಲಿನ್ ಅನ್ನೋದು 51 ಅಮೈನೋ ಆಮ್ಲಗಳ ಪ್ರೋಟೀನು, ನೀರಿನ ಜೊತೆ ಹೊಂದುವಂಥದ್ದು. ಎಣ್ಣೆ ಸವರಿದ ತಟ್ಟೆ ಮೇಲೆ ನೀರು ನಿಂತ ಹಾಗೆ ಅದು ಹೊರಗೇ ನಿಲ್ಲುತ್ತದೆ. ಕಾರ್ಟಿಸೋಲ್, ಈಸ್ಟ್ರೋಜನ್ ಥರದ ಹಾರ್ಮೋನುಗಳು ಕೊಬ್ಬಿಗೆ ಹೊಂದುತ್ತವೆ, ಸೀದಾ ಒಳಗೆ ನುಗ್ಗುತ್ತವೆ, ಅವುಗಳ ಕತೆ ಬೇರೆ. ಒಳಗೆ ಬರಲಾಗದವರ ಮಾತು ಕೇಳೋಕೆ ಅಂತಲೇ ಪೊರೆಯಲ್ಲಿ ರಿಸೆಪ್ಟರ್‌ಗಳು ಇರೋದು. ಕನ್ನಡ ಪುಸ್ತಕದಲ್ಲಿ "ಗ್ರಾಹಕ" ಅಂತ ಬರೆಯುತ್ತಾರೆ, ನನಗೆ ಅದನ್ನು ಓದಿದಾಗಲೆಲ್ಲ ಕರೆಂಟ್ ಬಿಲ್ ನೆನಪಾಗುತ್ತದೆ, ಹಾಗಾಗಿ ರಿಸೆಪ್ಟರ್ ಅಂತಲೇ ಇಟ್ಟುಕೊಳ್ಳೋಣ.

ಇನ್ಸುಲಿನ್ ರಿಸೆಪ್ಟರ್‌ನಲ್ಲಿ ನಾಲ್ಕು ತುಂಡು. ಎರಡು ಪೂರ್ತಿ ಹೊರಗೆ. ಇನ್ನೆರಡು ಪೊರೆಯನ್ನು ತೂರಿಕೊಂಡು ಒಳಗೆ ಬಾಲ ಬಿಟ್ಟಿವೆ. ಇನ್ಸುಲಿನ್ ಬಂದು ಹೊರಗಿನ ಭಾಗಕ್ಕೆ ಕೂತ ತಕ್ಷಣ ಇಡೀ ರಿಸೆಪ್ಟರ್ ಮೈ ಹೊರಳಿಸುತ್ತದೆ, ಒಳಗಿನ ಎರಡು ಬಾಲ ಹತ್ತಿರ ಬರುತ್ತವೆ, ಬಂದು ಒಂದು ಇನ್ನೊಂದರ ಮೇಲೆ ಫಾಸ್ಫೇಟ್ ಅಂಟಿಸುತ್ತದೆ. ಟೈರೋಸಿನ್ ಅನ್ನೋ ಅಮೈನೋ ಆಮ್ಲದ ಮೇಲೇ ಅಂಟಿಸೋದು, ಅದಕ್ಕೇ ಈ ಜಾತಿಯ ರಿಸೆಪ್ಟರ್‌ಗಳಿಗೆ ಟೈರೋಸಿನ್ ಕೈನೇಸ್ ಅಂತ ಹೆಸರು. ಮನುಷ್ಯರಲ್ಲಿ ಇಂಥವು 58 ಇವೆ. ಆ ಫಾಸ್ಫೇಟ್ ಗುರುತು ಕಂಡು ಒಳಗಿನ ಇನ್ನೊಂದು ಪ್ರೋಟೀನು ಬಂದು ತಗಲಿಕೊಳ್ಳುತ್ತದೆ, ಅದಕ್ಕೂ ಫಾಸ್ಫೇಟ್ ಬೀಳುತ್ತದೆ, ಅದು ಮತ್ತೊಂದನ್ನು ಎಬ್ಬಿಸುತ್ತದೆ, ಹೀಗೆ ಸುದ್ದಿ ಕೈಯಿಂದ ಕೈಗೆ ಹೋಗುತ್ತದೆ.

ನಿಮ್ಮೂರಲ್ಲಿ ವಾಲ್‌ಮನ್ ಇರ್ತಾನಲ್ವಾ? ನೀನು ಅವನ ಮನೆ ಬಾಗಿಲು ಬಡಿದು "ನೀರು ಬಿಡೋ ಯಪ್ಪಾ" ಅಂತೀಯ. ಒಳಗೆ ಹೆಂಡತಿ ಕೇಳಿಸಿಕೊಂಡು ಮಗನಿಗೆ ಹೇಳ್ತಾಳೆ, ಮಗ ಹೊಲದಲ್ಲಿರೋ ಅಪ್ಪನಿಗೆ ಫೋನ್ ಮಾಡ್ತಾನೆ, ಅಪ್ಪ ಹೋಗಿ ವಾಲ್ ತಿರುವುತ್ತಾನೆ. ನೀನು ಹೊಸ್ತಿಲು ದಾಟಲೇ ಇಲ್ಲ. ನೀರು ಬಂದದ್ದೂ ನೀನು ಬಡಿದ ಬಾಗಿಲಿನಿಂದಲ್ಲ, ಬೇರೆ ಪೈಪಿನಿಂದ.

ಸಕ್ಕರೆಯದೂ ಹೀಗೇ. ಅದು ಒಳಗೆ ಹೋಗೋ ದಾರಿ ಇನ್ಸುಲಿನ್ ರಿಸೆಪ್ಟರ್ ಅಲ್ಲವೇ ಅಲ್ಲ, ಗ್ಲುಟ್-4 ಅನ್ನೋ ಬೇರೆ ಪ್ರೋಟೀನು. ಮಜಾ ಏನಂದರೆ ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಈ ಗ್ಲುಟ್-4 ಬಹುಪಾಲು ಪೊರೆಯ ಮೇಲೆ ಇರೋದೇ ಇಲ್ಲ. ಒಳಗೆ ಸಣ್ಣ ಸಣ್ಣ ಚೀಲದಲ್ಲಿ ಕೂತಿರುತ್ತದೆ. ಸುದ್ದಿ ಮುಟ್ಟಿದ ಮೇಲೆ ಚೀಲಗಳು ಮೇಲೆ ಬಂದು ಪೊರೆಗೆ ಸೇರುತ್ತವೆ, ಕೆಲವೇ ನಿಮಿಷದಲ್ಲಿ. ಅಂದರೆ ಇಲ್ಲಿ ಯಾರೂ ಬಾಗಿಲು ತೆಗೆಯುತ್ತಿಲ್ಲ. ಬಾಗಿಲನ್ನೇ ಅಟ್ಟದಿಂದ ಇಳಿಸಿ ತಂದು ಗೋಡೆಗೆ ಕೂರಿಸುತ್ತಿದ್ದಾರೆ!

ಹಳೇಮೇಷ್ಟ್ರು (ಬಾಗಲಕೋಟೆ)

ಮೇಡಂ, ವಿವರಣೆ ಚೆನ್ನಾಗಿದೆ, ಆದರೆ ಎರಡು ತಕರಾರು.

ಕೀಲಿ-ಬೀಗವನ್ನು ಅಷ್ಟು ಬೈಯಬೇಡಿ. ಎಮಿಲ್ ಫಿಶರ್ 1894ರಲ್ಲಿ ಎಂಜೈಮುಗಳ ಬಗ್ಗೆ ಆ ಹೋಲಿಕೆ ಕೊಟ್ಟಿದ್ದು, ಆಕಾರಕ್ಕೆ ಆಕಾರ ಹೊಂದಬೇಕು ಅನ್ನೋದಕ್ಕೆ. ಅಷ್ಟಕ್ಕೆ ಅದು ಇವತ್ತಿಗೂ ಸರಿಯೇ. ಆಮೇಲಿನವರು ಅದನ್ನು ಎಳೆದಾಡಿ ಬಾಗಿಲವರೆಗೂ ತಂದರು.

ಎರಡನೆಯದು, "ಇನ್ಸುಲಿನ್ ಒಳಗೆ ಹೋಗೋದೇ ಇಲ್ಲ" ಅನ್ನೋದು ಪೂರ್ತಿ ನಿಜವಲ್ಲ. ಸುದ್ದಿ ಕೊಟ್ಟಾದ ಮೇಲೆ ರಿಸೆಪ್ಟರ್ ಸಮೇತ ಅದನ್ನು ಕೋಶ ಒಳಗೆ ನುಂಗುತ್ತದೆ. ಇನ್ಸುಲಿನ್ ಅಲ್ಲಿ ಪುಡಿಯಾಗುತ್ತದೆ, ರಿಸೆಪ್ಟರ್ ಎಷ್ಟೋ ಸಲ ವಾಪಸ್ ಮೇಲೆ ಬರುತ್ತದೆ. ರಕ್ತದಿಂದ ಇನ್ಸುಲಿನ್ ಖಾಲಿಯಾಗೋ ಒಂದು ದಾರಿಯೇ ಇದು, ಲಿವರ್ ಇದರಲ್ಲಿ ದೊಡ್ಡ ಪಾಲು ಮಾಡುತ್ತದೆ.

ಲ್ಯಾಬ್‌ಅಕ್ಕ (ಬೆಳಗಾವಿ)

ಒಪ್ಪಿದೆ ಸರ್. "ಕೆಲಸ ಮಾಡಿಸೋಕೆ ಒಳಗೆ ಹೋಗಬೇಕಾಗಿಲ್ಲ" ಅಂತ ಬರೆಯಬೇಕಿತ್ತು.

ನಿಪ್ಪಾಣಿ_ತಮ್ಮ

ಅಕ್ಕಾ, ಸಕ್ಕರೆ ಬಿಟ್ಟು ಒಂದು ಕೇಳ್ತೀನಿ. ನಮ್ಮದು ತಂಬಾಕು ಸೀಮೆ. ಚಿಕ್ಕವನಿದ್ದಾಗ ಬೆಳಗಿನ ಇಬ್ಬನಿಯಲ್ಲಿ ಹಸಿ ಎಲೆ ಹೊತ್ತು ಸಾಗಿಸಿದ ದಿನ ತಲೆ ಗಿರ್ ಅಂತ ತಿರುಗಿ ವಾಂತಿ ಬರ್ತಿತ್ತು. ನಾನು ಬೀಡಿ ಮುಟ್ಟಿದವನೇ ಅಲ್ಲ. ದೊಡ್ಡವರು "ತಂಬಾಕು ಏರಿದೆ, ಮಲ್ಕೋ" ಅಂತಿದ್ದರು. ಇದೂ ರಿಸೆಪ್ಟರ್ ಆಟವೇನಾ?

ಲ್ಯಾಬ್‌ಅಕ್ಕ (ಬೆಳಗಾವಿ)

ನಿಪ್ಪಾಣಿಯವನೇ ಇದನ್ನು ಕೇಳಿದ್ದು ಭಾರಿ ಖುಷಿ ಆಯ್ತು. ಯಾಕಂದರೆ ರಿಸೆಪ್ಟರ್ ಅನ್ನೋ ವಿಚಾರ ಗಟ್ಟಿಯಾಗಿದ್ದೇ ನಿಮ್ಮ ತಂಬಾಕಿನ ನಿಕೋಟಿನ್‌ನಿಂದ.

ಕೇಂಬ್ರಿಡ್ಜಿನಲ್ಲಿ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ ಅಂತ ಒಬ್ಬ ವಿಜ್ಞಾನಿ ಇದ್ದ. ಕೋಳಿಯ ಸ್ನಾಯುವಿಗೆ ನಿಕೋಟಿನ್ ಕೊಟ್ಟರೆ ಅದು ಸೆಟೆಯುತ್ತದೆ. ನರಕ್ಕೆ ಏನೋ ಆಗಿ ಹೀಗಾಗ್ತಿದೆ ಅಂತ ಯಾರಾದರೂ ಅಂದುಕೊಳ್ಳಬೇಕು. ಲ್ಯಾಂಗ್ಲಿ ನರ ಕತ್ತರಿಸಿ, ಅದು ಪೂರ್ತಿ ಸಾಯೋವರೆಗೆ ಬಿಟ್ಟು ಆಮೇಲೆ ನಿಕೋಟಿನ್ ಕೊಟ್ಟ. ಆದರೂ ಸೆಟೆಯಿತು! ಅಂದರೆ ನಿಕೋಟಿನ್ ಸ್ನಾಯುವಿನ ಮೇಲೇ ಕೂರುತ್ತಿದೆ. ಆಮೇಲೆ ಕ್ಯುರಾರೆ ಕೊಟ್ಟ, ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಹಚ್ಚುವ ವಿಷ ಅದು. ನಿಕೋಟಿನ್ ಆಟ ನಿಂತಿತು. ಆದರೆ ಅದೇ ಸ್ನಾಯುವಿಗೆ ಸೀದಾ ಕರೆಂಟ್ ಕೊಟ್ಟರೆ ಕೆಲಸ ಮಾಡುತ್ತಿತ್ತು, ಅಂದರೆ ಸ್ನಾಯುವೇನೂ ಸತ್ತಿಲ್ಲ. ಹಾಗಾದರೆ ಸ್ನಾಯುವಿನಲ್ಲಿ ಈ ಎರಡೂ ಕಿತ್ತಾಡುವ ಒಂದು ಜಾಗ ಇರಲೇಬೇಕು ಅಂತ 1905ರಲ್ಲಿ ಬರೆದ. ಕಣ್ಣಿಗೆ ಕಾಣದ್ದನ್ನು ಬರೀ ತರ್ಕದಿಂದ ಹಿಡಿದದ್ದು. ನನಗೆ ಇಡೀ ವಿಷಯದಲ್ಲಿ ಇಷ್ಟವಾದ ಪ್ರಯೋಗ ಇದೇ.

ಆ ಜಾಗ ನಿಜಕ್ಕೂ ಇರೋದು ನಮ್ಮದೇ ಅಸಿಟೈಲ್‌ಕೋಲಿನ್‌ಗೆ, ನರ ಸ್ನಾಯುವಿಗೆ "ಎಳಿ" ಅಂತ ಹೇಳೋಕೆ ಬಿಡುವ ರಾಸಾಯನಿಕ. ನಿಕೋಟಿನ್ ಆ ಜಾಗದಲ್ಲಿ ಕೂತು ಅದರ ವೇಷ ಹಾಕುತ್ತದೆ. ಈ ರಿಸೆಪ್ಟರ್ ಇನ್ಸುಲಿನ್‌ನದರ ಥರ ಅಲ್ಲ. ಐದು ತುಂಡು ವೃತ್ತಾಕಾರ ನಿಂತು ನಡುವೆ ಒಂದು ತೂಬು. ಅಸಿಟೈಲ್‌ಕೋಲಿನ್ ಕೂತರೆ ತೂಬು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಹೆಂಡತಿ, ಮಗ, ಫೋನು ಯಾರೂ ಇಲ್ಲ. ಅದಕ್ಕೇ ಕೆಲಸ ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಇಂಥವು ಮಿದುಳಲ್ಲೂ ಕರುಳಿನ ನರಗಳಲ್ಲೂ ಇವೆ. ನಿಕೋಟಿನ್ ನೀರಲ್ಲೂ ಕರಗುತ್ತದೆ, ಕೊಬ್ಬಲ್ಲೂ ಕರಗುತ್ತದೆ, ಎಲೆ ಒದ್ದೆ ಇದ್ದರೆ ಆ ನೀರಿನ ಜೊತೆ ಚರ್ಮದಿಂದಲೇ ಇಳಿಯುತ್ತದೆ. ನಿನಗೆ ತಲೆ ತಿರುಗಿದ್ದು ಹಾಗೆ. ಹಸಿ ತಂಬಾಕಿನ ಕಾಯಿಲೆ ಅಂತಲೇ ವೈದ್ಯರು ಕರೆಯುತ್ತಾರೆ. ಇಬ್ಬನಿ ಆರಿದ ಮೇಲೆ ಕೆಲಸ ಮಾಡಿ, ಕೈಗವಸು ಹಾಕಿ, ಒದ್ದೆ ಅಂಗಿ ಬದಲಿಸಿ.

ಹಾಂ, ನಾಗರ ಹಾವಿನ ವಿಷವೂ ಇಲ್ಲೇ ಬಂದು ಕೂರೋದು. ಕೂತು ತೂಬು ತೆರೆಯೋದಿಲ್ಲ, ಬೇರೆಯವರಿಗೂ ಬಿಡೋದಿಲ್ಲ. ಕಣ್ಣ ರೆಪ್ಪೆ ಜೋತು ಬೀಳೋದು, ಆಮೇಲೆ ಉಸಿರು ಕಟ್ಟೋದು ಇದರಿಂದಲೇ.

ನಿಪ್ಪಾಣಿ_ತಮ್ಮ

ನಮ್ಮ ವಖಾರಿ ಮಂದಿಗೆ ಇದನ್ನು ಓದಿ ಹೇಳ್ತೀನಿ. "ತಂಬಾಕು ಏರಿದೆ" ಅನ್ನೋದು ಸುಮ್ನೆ ಮಾತಲ್ಲ ಅಂತಾಯ್ತು.

ನೈಟ್‌ಡ್ಯೂಟಿ (ವಿಜಯಪುರ)

ಅಸಿಟೈಲ್‌ಕೋಲಿನ್ ಹೆಸರು ಬಂತಲ್ಲ, ನನ್ನದೂ ಒಂದು ಸೇರಿಸ್ತೀನಿ. ನಾನು ಸ್ಟಾಫ್ ನರ್ಸ್. ಸಿಂಪಡಣೆ ಸೀಸನ್‌ನಲ್ಲಿ ನಮ್ಮ ವಾರ್ಡಿಗೆ ಔಷಧ ತಾಗಿದವರು, ಕುಡಿದವರು ಇಬ್ಬರೂ ಬರ್ತಾರೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಮಾಡೋದು ಒಂದೇ ಕೆಲಸ. ಅಸಿಟೈಲ್‌ಕೋಲಿನ್ ತನ್ನ ಮಾತು ಹೇಳಿ ಮುಗಿಸಿದ ಮೇಲೆ ಅದನ್ನು ಒಡೆದು ಗುಡಿಸುವ ಒಂದು ಎಂಜೈಮು ಇದೆ. ಔಷಧ ಆ ಕಸಗುಡಿಸುವವಳ ಕೈ ಕಟ್ಟಿಬಿಡುತ್ತದೆ. ಆಮೇಲೆ ಸಂದೇಶ ನಿಲ್ಲೋದೇ ಇಲ್ಲ, ಬಡಿದದ್ದೇ ಬಡಿದದ್ದು. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗುತ್ತದೆ, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ, ಮಾಂಸಖಂಡ ಪಟಪಟ ಅದುರೋದು.

ನಾವು ಆಟ್ರೋಪಿನ್ ಕೊಡ್ತೀವಿ, ಎದೆ ಒಣಗುವವರೆಗೆ ಕೊಡ್ತಾನೇ ಇರ್ತೀವಿ. ಮೊದಲ ವರ್ಷ ನನಗೆ ಅರ್ಥವಾಗದ್ದು ಏನಂದರೆ, ಎದೆ ಒಣಗಿತು, ನಾಡಿ ಸರಿಯಾಯ್ತು, ಆದರೂ ಒಬ್ಬ ಪೇಷಂಟ್‌ಗೆ ಕುತ್ತಿಗೆ ಎತ್ತೋಕೆ ಬರ್ತಿಲ್ಲ, ಉಸಿರಾಟ ಸೋಲ್ತಿದೆ. ಸೀನಿಯರ್ ಸಿಸ್ಟರ್ ಹೇಳಿಕೊಟ್ಟರು. ಅಸಿಟೈಲ್‌ಕೋಲಿನ್‌ಗೆ ಎರಡು ಥರದ ರಿಸೆಪ್ಟರ್ ಇವೆಯಂತೆ. ಗ್ರಂಥಿ, ಶ್ವಾಸನಾಳ, ಹೃದಯದಲ್ಲಿ ಇರೋದು ಮಸ್ಕರಿನಿಕ್. ಕೈಕಾಲು, ಕುತ್ತಿಗೆ, ಉಸಿರಾಟದ ಸ್ನಾಯುವಿನಲ್ಲಿ ಇರೋದು ಅಕ್ಕ ಹೇಳಿದ ನಿಕೋಟಿನಿಕ್. ಆಟ್ರೋಪಿನ್ ಮೊದಲನೆಯದರಲ್ಲಿ ಮಾತ್ರ ಅಡ್ಡ ಕೂರುತ್ತದೆ, ಎರಡನೆಯದಕ್ಕೆ ಅದು ಯಾರೋ ಏನೋ. ಆ ಪೇಷಂಟ್‌ಗೆ ವೆಂಟಿಲೇಟರ್ ಹಾಕಿದೆವು, ಒಂಬತ್ತು ದಿನಕ್ಕೆ ಎದ್ದು ಕೂತರು. ಒಂದೇ ರಾಸಾಯನಿಕ, ಎರಡು ಕಿವಿ. ಔಷಧ ಒಂದು ಕಿವಿಯನ್ನಷ್ಟೇ ಮುಚ್ಚುತ್ತದೆ ಅಂತ ಅವತ್ತು ತಲೆಗೆ ಹೋಯ್ತು.

ದ್ರಾಕ್ಷಿತೋಟ (ತಿಕೋಟಾ)

ಸಿಸ್ಟರ್, ಓದಿ ಎದೆ ಝಲ್ ಅಂತು. ನಾವು ವರ್ಷಪೂರ್ತಿ ಹೊಡೆಯೋರು. ಮೈಮೇಲೆ ಚೆಲ್ಲಿದರೆ ಮೊದಲು ಏನು ಮಾಡಬೇಕು? ನಮ್ಮಲ್ಲಿ ಕೆಲವರು ಹಾಲು ಕುಡಿಸ್ತಾರೆ.

ನೈಟ್‌ಡ್ಯೂಟಿ (ವಿಜಯಪುರ)

ಹಾಲು ಬೇಡ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದೂ ಬೇಡ, ಶ್ವಾಸಕೋಶಕ್ಕೆ ಹೋದರೆ ಇನ್ನೂ ಕಷ್ಟ. ಬಟ್ಟೆ ಪೂರ್ತಿ ಬಿಚ್ಚಿ, ಸಾಬೂನು ಹಚ್ಚಿ ತುಂಬಾ ನೀರಿನಲ್ಲಿ ತೊಳೀರಿ, ಕೂದಲು ಉಗುರು ಬಿಡಬೇಡಿ. ತೊಳೆಯೋರೂ ಕೈಗವಸು ಹಾಕ್ಕೊಳ್ಳಿ. 108ಕ್ಕೆ ಫೋನ್ ಮಾಡಿ. ಔಷಧದ ಡಬ್ಬಿ ಜೊತೆಗೇ ತನ್ನಿ ಅಣ್ಣಾರ, ಎಷ್ಟೋ ಜನ ಅದೊಂದನ್ನೇ ಮರೆತು ಬರ್ತಾರೆ.

ಖಾರಪುಡಿ (ಬೆಳಗಾವಿ)

ತುಂಬಾ ಸೀರಿಯಸ್ ಆಯ್ತು ಮಂದಿ. ನನ್ನ ಪ್ರಶ್ನೆ ಊಟದ್ದು. ರಂಜಕ ತಿಂದರೆ ಬಾಯಿ "ಉರಿ" ಅಂತೀವಲ್ಲ, ಬೆಂಕಿ ಇಲ್ಲ, ಬಿಸಿ ಇಲ್ಲ, ಫ್ರಿಜ್‌ನಿಂದ ತೆಗೆದ ರಂಜಕವೂ ಉರೀತದೆ. ಯಾಕೆ?

ಹಳೇಮೇಷ್ಟ್ರು (ಬಾಗಲಕೋಟೆ)

ಮಿದುಳಿಗೆ ನಿಜಕ್ಕೂ "ಸುಡುತ್ತಿದೆ" ಅಂತಲೇ ಸುದ್ದಿ ಹೋಗುತ್ತಿದೆ, ಅದಕ್ಕೆ. ನೋವಿನ ನರಗಳಲ್ಲಿ ಟಿಆರ್‌ಪಿವಿ1 ಅನ್ನೋ ತೂಬು ಇದೆ. ಸುಮಾರು 43 ಡಿಗ್ರಿ ಬಿಸಿ ತಾಗಿದರೆ ತೆರೆಯೋದು ಅದರ ಕೆಲಸ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಂದು ಕೂತರೆ ಬಿಸಿ ಇಲ್ಲದೆಯೂ ತೆರೆದುಕೊಳ್ಳುತ್ತದೆ. ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಇದನ್ನು ಹಿಡಿಯಿತು, 2021ರ ನೊಬೆಲ್‌ನಲ್ಲಿ ಅವರಿಗೆ ಪಾಲು ಬಂತು. ಹಿಡಿದದ್ದೂ ಮೆಣಸಿನ ಕ್ಯಾಪ್ಸೈಸಿನ್‌ನಿಂದಲೇ. ನೋವಿನ ನರದಲ್ಲಿ ಕೆಲಸ ಮಾಡುವ ಜೀನ್‌ಗಳನ್ನು ಖಾರಕ್ಕೆ ಕಿವಿ ಇಲ್ಲದ ಕೋಶಗಳಿಗೆ ಹಾಕುತ್ತಾ ಹೋದರು, ಯಾವ ಜೀನ್ ಹಾಕಿದಾಗ ಕೋಶ ಕ್ಯಾಪ್ಸೈಸಿನ್‌ಗೆ ಎಚ್ಚೆತ್ತಿತೋ ಅದೇ ಅಂತ ಹಿಡಿದರು.

ಗಿಳಿಗಳು ಮೆಣಸಿನಕಾಯಿ ಆರಾಮಾಗಿ ತಿನ್ನೋದು ನೋಡಿರಬೇಕು. ಹಕ್ಕಿಗಳಲ್ಲೂ ಈ ತೂಬು ಇದೆ, ಬಿಸಿ ಗೊತ್ತಾಗುತ್ತದೆ, ಆದರೆ ಕ್ಯಾಪ್ಸೈಸಿನ್ ಕೂರುವ ಕುರ್ಚಿ ಮಾತ್ರ ಸರಿ ಇಲ್ಲ. ಮೆಣಸಿನ ಗಿಡಕ್ಕೂ ಅದೇ ಬೇಕು. ಹಲ್ಲಿರೋ ಪ್ರಾಣಿಗಳು ಬೀಜ ಅಗಿದು ಹಾಳು ಮಾಡುತ್ತವೆ, ಹಕ್ಕಿ ನುಂಗಿ ದೂರ ಒಯ್ದು ಹಾಕುತ್ತದೆ.

ಇನ್ನು ನೀರು ಕುಡಿದರೆ ಉಪಯೋಗ ಇಲ್ಲ, ಕ್ಯಾಪ್ಸೈಸಿನ್ ಕೊಬ್ಬಿನಲ್ಲಿ ಕರಗೋದು. ರೊಟ್ಟಿ ರಂಜಕದ ಜೊತೆ ಬೆಣ್ಣೆ, ಗಟ್ಟಿ ಮೊಸರು ಇಡೋ ನಮ್ಮ ಹೆಣ್ಣುಮಕ್ಕಳಿಗೆ ಇದು ಮೊದಲೇ ಗೊತ್ತಿತ್ತು.

ಈಗ ನನ್ನದೊಂದು. ಇದುವರೆಗೆ ಹೇಳಿದ್ದು ಎರಡು ಬಗೆ, ತೂಬು ಮತ್ತು ಫಾಸ್ಫೇಟ್ ಅಂಟಿಸೋದು. ಎಲ್ಲಕ್ಕಿಂತ ದೊಡ್ಡ ಬಳಗ ಇನ್ನೂ ಬಾಕಿ ಇದೆ. ಪೊರೆಯನ್ನು ಏಳು ಸಲ ಒಳಗೆ ಹೊರಗೆ ಹೊಲಿದ ಹಾಗೆ ಕೂತಿರುವ ಜಿ-ಪ್ರೋಟೀನ್ ರಿಸೆಪ್ಟರ್‌ಗಳು. ಮನುಷ್ಯರಲ್ಲಿ ಸುಮಾರು 800, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಬರೀ ವಾಸನೆಗೆ. ಸಿಸ್ಟರ್ ಹೇಳಿದ ಮಸ್ಕರಿನಿಕ್ ಕೂಡ ಈ ಬಳಗದ್ದೇ. ಕಾರ ಹುಣ್ಣಿಮೆ ದಿನ ಕರಿ ಹರಿಯುವಾಗ ಎತ್ತು ನಿಮ್ಮ ಕಡೆಗೇ ತಿರುಗಿತು ಅಂದುಕೊಳ್ಳಿ. ಎದೆ ಡಬಡಬ, ಕಾಲಿಗೆ ಎಲ್ಲಿಲ್ಲದ ಬಲ. ಅಡ್ರಿನಾಲಿನ್ ಈ ರಿಸೆಪ್ಟರ್‌ಗೆ ತಾಗುತ್ತದೆ, ರಿಸೆಪ್ಟರ್ ಒಳಗಿನ ಜಿ-ಪ್ರೋಟೀನನ್ನು ಎಬ್ಬಿಸುತ್ತದೆ, ಅದು ಹೋಗಿ ಒಂದು ಎಂಜೈಮನ್ನು, ಆ ಎಂಜೈಮು ಸೈಕ್ಲಿಕ್ ಎಎಂಪಿ ಅನ್ನೋ ಪುಟ್ಟ ಅಣುವನ್ನು ರಾಶಿ ರಾಶಿ ಮಾಡುತ್ತದೆ. ಒಂದೊಂದು ಮೆಟ್ಟಿಲಲ್ಲೂ ಒಂದು ಹೋಗಿ ಹತ್ತಾರು ಆಗುತ್ತದೆ. ಜಾತ್ರೆ ಸುದ್ದಿ ಊರಿಗೆ ಹಬ್ಬಿದ ಹಾಗೆ. ಹಾಗಾಗಿ ರಕ್ತದಲ್ಲಿ ಚೂರೇ ಚೂರು ಅಡ್ರಿನಾಲಿನ್ ಇದ್ದರೂ ಲಿವರ್ ರಾಶಿಗಟ್ಟಲೆ ಸಕ್ಕರೆ ಸುರಿಯುತ್ತದೆ.

ಅರ್ಲ್ ಸದರ್ಲ್ಯಾಂಡ್ ಇದನ್ನು ಕಂಡಿದ್ದು ಹೇಗೆ ಗೊತ್ತಾ? ಲಿವರ್ ಅರೆದು, ಪೊರೆಯ ತುಂಡುಗಳನ್ನು ಬೇರೆ ಮಾಡಿ, ಅವಕ್ಕೆ ಅಡ್ರಿನಾಲಿನ್ ಹಾಕಿದರು. ಅಲ್ಲಿ ಹುಟ್ಟಿದ ಏನೋ ಒಂದು ವಸ್ತುವನ್ನು ಕುದಿಸಿದರೂ ಅದು ಕೆಡಲಿಲ್ಲ. ಅದನ್ನು ಪೊರೆ ಇಲ್ಲದ ಬರೀ ರಸಕ್ಕೆ ಹಾಕಿದರೆ ಅಡ್ರಿನಾಲಿನ್ ಮಾಡಿಸುವ ಕೆಲಸವೇ ನಡೆಯಿತು. ಹೊರಗಿನವ ಬಾಗಿಲಲ್ಲೇ ಉಳಿದ, ಒಳಗೆ ಓಡಾಡೋ ಆಳು ಬೇರೆ ಅಂತ ಕೈಗೆ ಸಿಕ್ಕಿತು. 1971ರಲ್ಲಿ ನೊಬೆಲ್.

ಖಾರಪುಡಿ (ಬೆಳಗಾವಿ)

ರಂಜಕಕ್ಕೆ ನೊಬೆಲ್ ಅನ್ನೋದು ಇವತ್ತಿನ ಸ್ಟೇಟಸ್.

ದ್ರಾಕ್ಷಿತೋಟ (ತಿಕೋಟಾ)

ಮೇಷ್ಟ್ರೇ, ಅಡ್ರಿನಾಲಿನ್ ಅಂದಿರಲ್ಲ, ನಮ್ಮ ಮನೆಯ ಒಂದು ಘಟನೆ. ನಮ್ಮ ಕಾಕಾನಿಗೆ ಉಬ್ಬಸ ಇದೆ. ಪಕ್ಕದ ಮನೆಯವರ ಬಿಪಿ ಗುಳಿಗೆ "ಭಾಳ ಚಲೋ ಐತಿ" ಅಂತ ಕೇಳಿ ಇಸ್ಕೊಂಡು ನುಂಗಿಬಿಟ್ಟ. ರಾತ್ರಿ ಉಸಿರು ಸಿಕ್ಕದೆ ಒದ್ದಾಡಿ ಆಸ್ಪತ್ರೆಗೆ ಓಡಿದೆವು. ಗುಳಿಗೆ ಹೆಸರು ಪ್ರೊಪ್ರನೊಲಾಲ್. ಬಿಪಿ ಗುಳಿಗೆಗೂ ಉಬ್ಬಸಕ್ಕೂ ಏನು ಸಂಬಂಧ ಅಂತ ಇವತ್ತಿಗೂ ಗೊತ್ತಿಲ್ಲ.

ನೈಟ್‌ಡ್ಯೂಟಿ (ವಿಜಯಪುರ)

ಅಯ್ಯೋ, ಬದುಕಿದರಲ್ಲ ಪುಣ್ಯ. ಹೃದಯದಲ್ಲಿರೋ ಅಡ್ರಿನಾಲಿನ್ ರಿಸೆಪ್ಟರ್ ಬಹುಪಾಲು ಬೀಟಾ-1, ತಾಗಿದರೆ ಬಡಿತ ಜೋರು. ಶ್ವಾಸನಾಳದಲ್ಲಿರೋದು ಬೀಟಾ-2, ತಾಗಿದರೆ ನಾಳ ಸಡಿಲಾಗಿ ಅಗಲ ಆಗುತ್ತದೆ. ಪ್ರೊಪ್ರನೊಲಾಲ್ ಎರಡಕ್ಕೂ ಅಡ್ಡ ಕೂರುತ್ತದೆ. ಹೃದಯಕ್ಕೆ ಆರಾಮ ಸಿಗುತ್ತದೆ, ಉಬ್ಬಸ ಇದ್ದವರ ನಾಳ ಬಿಗಿಯುತ್ತದೆ. ಕಾಕಾ ಎಳೆಯೋ ಇನ್‌ಹೇಲರ್ ಸಾಲ್ಬುಟಮಾಲ್ ಆಗಿದ್ದರೆ ಅದು ಬೀಟಾ-2ನ್ನೇ ತಟ್ಟೋದು. ಅಂದರೆ ಅವತ್ತು ಗುಳಿಗೆ, ಇನ್‌ಹೇಲರ್ ಎರಡೂ ಒಂದೇ ಕುರ್ಚಿಗೆ ಜಗಳ ಆಡಿವೆ.

ಹಳೇಮೇಷ್ಟ್ರು (ಬಾಗಲಕೋಟೆ)

ಆ ಗುಳಿಗೆ ಹುಟ್ಟಿದ್ದೇ ರಿಸೆಪ್ಟರ್ ಲೆಕ್ಕ ಹಾಕಿ. ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಮಾಡಿದ್ದು. ಹೃದಯಕ್ಕೆ ಆಮ್ಲಜನಕ ಜಾಸ್ತಿ ಕೊಡೋಕೆ ಆಗದಿದ್ದರೆ ಅದರ ಬೇಡಿಕೆಯನ್ನೇ ಕಡಿಮೆ ಮಾಡೋಣ ಅಂತ ಯೋಚಿಸಿದವರು. 1988ರ ನೊಬೆಲ್‌ನಲ್ಲಿ ಅವರದೂ ಪಾಲು.

ಲ್ಯಾಬ್‌ಅಕ್ಕ (ಬೆಳಗಾವಿ)

ಎಲ್ಲರೂ ಸುದ್ದಿ ಹೇಗೆ ಒಳಗೆ ಹೋಗುತ್ತದೆ ಅಂತ ಬರೆದಿರಿ. ನನ್ನ ಪ್ರಕಾರ ಅದಕ್ಕಿಂತ ಮುಖ್ಯ, ಸುದ್ದಿ ಹೇಗೆ ನಿಲ್ಲುತ್ತದೆ ಅನ್ನೋದು. ಜಿ-ಪ್ರೋಟೀನಿಗೆ ತನ್ನಷ್ಟಕ್ಕೆ ತಾನೇ ಆರುವ ಗುಣ ಇದೆ. ಎಚ್ಚೆತ್ತಾಗ ಹಿಡಿದುಕೊಂಡ ಜಿಟಿಪಿ ಅನ್ನೋ ಪುಟ್ಟ ಅಣುವನ್ನು ಸ್ವಲ್ಪ ಹೊತ್ತಿಗೆ ತಾನೇ ಒಡೆದು ತಣ್ಣಗಾಗುತ್ತದೆ. ರಿಸೆಪ್ಟರ್ ಕಡೆಗೂ ಒಬ್ಬ ಬರ್ತಾನೆ, ಅರೆಸ್ಟಿನ್ ಅಂತ, ಹೆಸರಿಗೆ ತಕ್ಕ ಹಾಗೆ ಬಾಯಿ ಮುಚ್ಚಿಸಿ ಒಳಗೆ ಎಳಕೊಂಡು ಹೋಗ್ತಾನೆ.

ಈ ಆರುವ ಗುಂಡಿ ಮುರಿದರೆ ಏನಾಗುತ್ತದೆ ಅನ್ನೋದಕ್ಕೆ ಕಾಲರಾ ನೋಡಿ. ನಮ್ಮ ಆಯಿ "ಕಾಲರಾ ಬ್ಯಾನಿ" ಅಂತ ಹೆದರಿಕೊಂಡೇ ಹೇಳುತ್ತಿದ್ದಳು, ಒಂದೇ ದಿನದಲ್ಲಿ ಮನುಷ್ಯ ಬತ್ತಿ ಹೋಗ್ತಿದ್ದ ಅಂತ. ಕಾಲರಾ ರೋಗಾಣು ಕರುಳಿನ ಕೋಶವನ್ನು ಕೊಲ್ಲೋದಿಲ್ಲ. ಅದರ ವಿಷ ಒಳಗೆ ಹೋಗಿ ಜಿ-ಪ್ರೋಟೀನಿನ ಆರುವ ಗುಂಡಿಯನ್ನು ಮಾತ್ರ ಕೀಳುತ್ತದೆ. ಯಾರೂ ಬಾಗಿಲು ಬಡಿಯುತ್ತಿಲ್ಲ, ಆದರೂ ಒಳಗೆ ಸೈಕ್ಲಿಕ್ ಎಎಂಪಿ ಏರುತ್ತಲೇ ಇರುತ್ತದೆ, ಕ್ಲೋರೈಡ್ ತೂಬು ತೆರೆದೇ ಇರುತ್ತದೆ, ಹಿಂದೆಯೇ ನೀರು ಹೊರಗೆ ಹರಿಯುತ್ತದೆ. ಈ ವಿಷ ಇದೆ ಅಂತ 1959ರಲ್ಲಿ ತೋರಿಸಿದ್ದು ಕಲ್ಕತ್ತೆಯ ಶಂಭುನಾಥ್ ಡೇ. ಅವರಿಗೆ ನೊಬೆಲ್ ಬರಲಿಲ್ಲ, ನನಗೆ ಇವತ್ತಿಗೂ ಅದು ಹೊಟ್ಟೆಯುರಿ. ಒಆರ್‌ಎಸ್ ಪುಡಿ ಕೆಲಸ ಮಾಡೋದು ಇನ್ನೂ ಚಂದ. ಕೆಟ್ಟ ಗುಂಡಿಯನ್ನು ಅದು ಮುಟ್ಟೋಕೆ ಹೋಗಲ್ಲ. ಸೋಡಿಯಂ ಮತ್ತು ಸಕ್ಕರೆ ಜೊತೆ ಜೊತೆಯಾಗಿ ಒಳಗೆ ಹೋಗುವ ಬೇರೆ ದಾರಿ ಕಾಲರಾದಲ್ಲೂ ಸರಿಯಾಗೇ ಇರುತ್ತದೆ, ಅದರಲ್ಲಿ ನುಗ್ಗಿ ನೀರನ್ನು ಎಳಕೊಂಡು ಬರುತ್ತದೆ.

ಕಬ್ಬಿನಗದ್ದೆ (ಮುಧೋಳ)

ಎರಡು ದಿನ ಗದ್ದೆಯಲ್ಲಿದ್ದೆ, ಬಂದು ನೋಡಿದರೆ ತಂಬಾಕು, ರಂಜಕ, ಎತ್ತು ಎಲ್ಲ ಆಗಿದೆ! ಪೂರ್ತಿ ಓದಿದೆ, ಬೇಜಾರಿಲ್ಲ. ಆದರೆ ನಮ್ಮ ಅವ್ವನ ವಿಷಯ ಅರ್ಧಕ್ಕೆ ನಿಂತಿದೆಯಲ್ಲ ಅಕ್ಕಾ. ಇನ್ಸುಲಿನ್ ಜಾಸ್ತಿ ಇದೆ, ಮಾತು ನಡೀತಿಲ್ಲ ಅಂದರೆ ರಿಸೆಪ್ಟರ್ ಕೆಟ್ಟಿದೆಯಾ?

ಲ್ಯಾಬ್‌ಅಕ್ಕ (ಬೆಳಗಾವಿ)

ಕ್ಷಮಿಸು ತಮ್ಮಾ, ದಾರಿ ತಪ್ಪಿಸಿದ್ದು ನಾವೇ.

ರಿಸೆಪ್ಟರೇ ಹುಟ್ಟಿನಿಂದ ಕೆಟ್ಟಿರೋದು ಬಹಳ ಅಪರೂಪದ ಕಾಯಿಲೆ. ನಿಮ್ಮ ಅವ್ವನ ಥರದವರಲ್ಲಿ ತೊಡಕು ಹೆಚ್ಚಾಗಿ ಇರೋದು ಬಾಗಿಲ ಹಿಂದೆ. ವಾಲ್‌ಮನ್ ಮನೆ ನೆನಪು ಮಾಡಿಕೋ. ಬಡಿತ ಕೇಳಿಸುತ್ತಿದೆ, ಆದರೆ ಹೆಂಡತಿ ಮಗನಿಗೆ ಹೇಳುತ್ತಿಲ್ಲ. ಸ್ನಾಯು, ಲಿವರ್ ಕೋಶಗಳ ಒಳಗೆ ಕೊಬ್ಬಿನ ಅಂಶ ಸೇರಿಕೊಂಡಾಗ ಸುದ್ದಿ ಒಯ್ಯುವ ಆ ಮೊದಲ ಪ್ರೋಟೀನಿನ ಮೇಲೆ ಫಾಸ್ಫೇಟ್ ತಪ್ಪು ಜಾಗದಲ್ಲಿ ಬೀಳುತ್ತದೆ. ಟೈರೋಸಿನ್ ಮೇಲೆ ಬೀಳಬೇಕಾದ್ದು ಸೀರಿನ್ ಮೇಲೆ ಬೀಳುತ್ತದೆ. ಸುದ್ದಿ ಅಲ್ಲೇ ಮಂಕಾಗುತ್ತದೆ. ಮುಂದೆ ಗ್ಲುಟ್-4 ಅಟ್ಟದಿಂದ ಇಳಿಯೋದೇ ಇಲ್ಲ. ಮಾತು ಕೇಳಲಿಲ್ಲ ಅಂತ ಮೇದೋಜೀರಕ ಇನ್ನೂ ಜಾಸ್ತಿ ಇನ್ಸುಲಿನ್ ಬಿಡುತ್ತದೆ, ಇನ್ನೂ ಜೋರಾಗಿ ಬಡಿದ ಹಾಗೆ. ರಿಪೋರ್ಟಿನಲ್ಲಿ ಕಂಡದ್ದು ಆ ಬಡಿತ.

ಒಂದು ಒಳ್ಳೇ ಸುದ್ದಿ ಇದೆ. ಗ್ಲುಟ್-4ಗೆ ಹಿತ್ತಲ ಬಾಗಿಲೂ ಉಂಟು. ಸ್ನಾಯು ದುಡಿದಾಗ, ಅಂದರೆ ನಡೆದಾಗ, ಇನ್ಸುಲಿನ್ ಸುದ್ದಿ ಇಲ್ಲದೆಯೂ ಅದು ಮೇಲೆ ಬರುತ್ತದೆ. ಒಳಗಿನ ಬೇರೆಯೇ ಸರಪಳಿ ಅದು, ಇದರಲ್ಲಿ ಅಡಚಣೆ ಇಲ್ಲ. ಊಟವಾದ ಮೇಲೆ ನಡೀರಿ ಅಂತ ಡಾಕ್ಟರು ಹೇಳೋದು ಸುಮ್ನೆ ಅಲ್ಲ.

ಕಬ್ಬಿನಗದ್ದೆ (ಮುಧೋಳ)

ಅವ್ವನಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡು, "ಹಂಗಾದ್ರ ನನ್ನ ಬಾಗಲಾ ನೆಟ್ಟಗೈತಿ, ಒಳಗಿನ ಮಂದಿ ಮಾತ ಕೇಳವಲ್ರು" ಅಂದಳು. ಅಪ್ಪನ ಕಡೆ ನೋಡಿ ಅಂದಳು, ಅದು ಬೇರೆ ವಿಷಯ.

ಲ್ಯಾಬ್‌ಅಕ್ಕ (ಬೆಳಗಾವಿ)

ಅವ್ವನವರಿಗೆ ನೂರಕ್ಕೆ ತೊಂಬತ್ತು! ಹತ್ತು ಯಾಕೆ ಕಡಿಮೆ ಅಂದರೆ, ವರ್ಷಗಟ್ಟಲೆ ಇನ್ಸುಲಿನ್ ಜಾಸ್ತಿ ಇದ್ದರೆ ಕೋಶ ತನ್ನ ರಿಸೆಪ್ಟರ್‌ಗಳನ್ನೂ ಒಂದಿಷ್ಟು ಒಳಗೆ ಎಳಕೊಂಡು ಕಡಿಮೆ ಮಾಡುತ್ತದೆ. ಬಡಿದೂ ಬಡಿದೂ ಬಾಗಿಲೂ ಸ್ವಲ್ಪ ಸವೆಯುತ್ತದೆ.

ಹಳೇಮೇಷ್ಟ್ರು (ಬಾಗಲಕೋಟೆ)

ಮೇಡಂ, ವಾಲ್‌ಮನ್ ಉಪಮೆಯನ್ನು ಕದಿಯುತ್ತಿದ್ದೇನೆ. ನಾಳೆ ಪಕ್ಕದ ಮನೆ ಮಕ್ಕಳಿಗೆ ಪಾಠ ಇದೆ.

ಕಬ್ಬಿನಗದ್ದೆ (ಮುಧೋಳ)

ರಾತ್ರಿ ಉಂಡು ಹನುಮಪ್ಪನ ಗುಡಿತನಕ ನಡೆದು ಬರ್ತಾಳಂತೆ. ನಾನೂ ಜೊತೆಗೆ ಹೋಗಬೇಕಂತೆ.

ನೈಟ್‌ಡ್ಯೂಟಿ (ವಿಜಯಪುರ)

ಗುಳಿಗೆ ಚೀಟಿಯಲ್ಲಿ ಗ್ಲಿಮೆಪಿರೈಡ್ ಅಂತ ಇದೆಯಾ ನೋಡಿ. ಇದ್ದರೆ ನಡೆಯುವಾಗ ಸಕ್ಕರೆ ಧಡ್ ಅಂತ ಇಳಿಯೋ ಸಾಧ್ಯತೆ ಇದೆ. ಬೆವರು, ನಡುಕ ಬಂದರೆ ತಿನ್ನೋಕೆ ಜೇಬಿನಲ್ಲಿ ಸಿಹಿ ಏನಾದರೂ ಇರಲಿ.

ಕಬ್ಬಿನಗದ್ದೆ (ಮುಧೋಳ)

ಇದೆ, ಅದೇ ಹೆಸರು. ಬೆಲ್ಲ ನಡೆಯುತ್ತಾ? ನಮ್ಮ ಮನೆಯಲ್ಲಿ ಅದಕ್ಕೇನೂ ಬರ ಇಲ್ಲ.

ನೈಟ್‌ಡ್ಯೂಟಿ (ವಿಜಯಪುರ)

ನಡೆಯುತ್ತದೆ. ಆದರೆ ಬೆಲ್ಲ ನಿಮ್ಮ ಜೇಬಿನಲ್ಲಿರಲಿ, ಅವ್ವನ ಜೇಬಿನಲ್ಲಿ ಬೇಡ.